ದುಡಿಯುವ ದಿನದ ಸ್ವರ

ಕಾದ ಧೂಳಿಗೆ ಒಂದು ವಾಸನೆಯಿದೆ. ಹಳೆಯ ವಾಲ್ವ್ ರೇಡಿಯೋ ಇಟ್ಟುಕೊಂಡಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗಾಜಿನ ಬುರುಡೆಯೊಳಗಿನ ತಂತಿ ಕೆಂಪೇರುತ್ತಿದ್ದಂತೆ, ಅರಗೂ ಹಳೆಯ ಮರವೂ ಬೆರೆತಂಥ ಒಂದು ಘಾಟು ಮೆಲ್ಲನೆ ಏಳುತ್ತದೆ. ಕಳೆದ ತಿಂಗಳು ಬೆಟಗೇರಿಯ ಒಂದು ಮನೆಯಲ್ಲಿ, ತಗಡಿನ ಪುಟ್ಟ ಪೆಟ್ಟಿಗೆಯೊಂದನ್ನು ಚಾಲೂ ಮಾಡಿದಾಗ ಆ ವಾಸನೆ ಬಂತು. ಪೆಟ್ಟಿಗೆ ಯಾವ ಇಸವಿಯದೆಂದು ಖಚಿತಪಡಿಸಲು ಆ ಮನೆಯವರು ನನ್ನನ್ನು ಕರೆಸಿದ್ದರು. ಇಸವಿಗಿಂತ ಮೊದಲು ನೆನಪಾದವರು ಅಕ್ಕೋರು...

ಅಕ್ಕೋರು ಶಾಲಾ ಶಿಕ್ಷಕಿ. ಲಕ್ಷ್ಮೇಶ್ವರದ ಶಾಸನಗಳ ಅಧ್ಯಯನಕ್ಕೆಂದು ನಾನು ಬೆಟಗೇರಿಯಲ್ಲಿ ಬಾಡಿಗೆಗಿದ್ದ ದಿನಗಳಲ್ಲಿ ಅವರದು ನಮ್ಮ ಪಕ್ಕದ ಮನೆ. ಸಂಜೆ ಶಾಲೆಯಿಂದ ಬಂದವರೇ ಸ್ಟೀಲ್ ಗಿಟಾರನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, ಎಡಗೈಯ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತ ಕೂರುತ್ತಿದ್ದರು. ಉಳಿದವರು ಆ ವಾದ್ಯದಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದ ಕಾಲದಲ್ಲಿ ಅವರು ರಾಗದ ಆಲಾಪಕ್ಕೆ ಕೈಹಾಕಿದ್ದರು. ಮನೆಯಲ್ಲಿ ಕೇಳಿದರೆ ಗಾಯನದಂತೆಯೇ ಇರುತ್ತಿದ್ದ ಆ ನಾದ, ಸಭೆಯಲ್ಲಿ ಧ್ವನಿವರ್ಧಕಕ್ಕೆ ಸೇರಿದೊಡನೆ ಕರ್ಕಶವಾಗುತ್ತಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡದ ಬಾಲ ನಡುದಾರಿಯಲ್ಲೇ ಸತ್ತುಹೋಗುತ್ತಿತ್ತು. ಗದಗಿನ ಒಂದು ಸಂಗೀತ ಬೈಠಕ್ಕಿನಲ್ಲಿ ಹಿರಿಯರೊಬ್ಬರು, ಇದು ತಗಡು ಬಡಿದಂತಿದೆ, ಹಾರ್ಮೋನಿಯಂ ಹಿಡಿಯುವುದು ಮೇಲು ಎಂದುಬಿಟ್ಟಿದ್ದರು. ಮುಂದಿನ ಬೈಠಕ್ ಲಕ್ಷ್ಮೇಶ್ವರದಲ್ಲಿ, ಅದೇ ಹಿರಿಯರ ಎದುರಿನಲ್ಲಿ.

“ಈ ಸಲಾನೂ ಹಂಗ ಆತಂದ್ರ ಗಿಟಾರ್ ಬಿಡೂದಿಲ್ಲ ತಮ್ಮಾ. ಆದ್ರ ಮಂದಿ ಮುಂದ ತರೂದಿಲ್ಲ, ಯಾರಿಗೂ ಕಲಸೂದೂ ಇಲ್ಲ,” ಎಂದು ನನಗೆ ಹೇಳಿದ್ದರು.

ಓಣಿಯ ತುದಿಯಲ್ಲಿ ರೇಡಿಯೋ ರಿಪೇರಿ ಅಂಗಡಿಯಿತ್ತು. ಅದರ ಯಜಮಾನ ಎಲ್ಲರಿಗೂ ಚಾಚಾ. ಮಾತು ಧಾರಾಳ, ತಾಳ್ಮೆ ಕಡಿಮೆ. ಗಿಟಾರಿನ ಕ್ಷೀಣವಾದ ಸದ್ದನ್ನು ಮೊದಲು ಹದಮಾಡಿ ಅನಂತರ ಧ್ವನಿವರ್ಧಕಕ್ಕೆ ಒಪ್ಪಿಸುವ ಪೆಟ್ಟಿಗೆಯೊಂದು, ಅಂದರೆ ಪ್ರಿ-ಆಂಪ್ಲಿಫೈಯರ್, ಬೇಕೆಂಬುದು ಅವರ ತೀರ್ಮಾನ. ಬರೀ ವಾಲ್ವಿನಿಂದ ಮಾಡಿದ್ದು ಇಂಪಾಗಿತ್ತು, ಆದರೆ ಗುಂಯ್ ಎನ್ನುತ್ತಿತ್ತು. ಬರೀ ಟ್ರಾನ್ಸಿಸ್ಟರಿನದು ಸ್ವಚ್ಛವಾಗಿತ್ತು, ಆದರೆ ಒಣ ಒಣ. ಕೊನೆಗೆ ಎರಡನ್ನೂ ಕೂಡಿಸಿದ ಪೆಟ್ಟಿಗೆಯೊಂದನ್ನು ಹೊತ್ತು ತಂದರು.

“ಮುಂದ ವಾಲ್ವ್, ಹಿಂದ ಟ್ರಾನ್ಸಿಸ್ಟರ್. ಅತ್ತಿ-ಸೊಸಿನ್ನ ಒಂದ ಮನ್ಯಾಗ ಇಟ್ಟೀನ್ರಿ ಅಕ್ಕೋರ. ಜಗಳ ಆಡ್ತಾರೇನು ನೋಡ್ರಿ.”

“ಅತ್ತಿ ಬಾಯಿ ಮೊದಲ ಬಿಸಿ ಆಗಬೇಕಲ್ಲ ಚಾಚಾ, ತಡೀರಿ,” ಎಂದು ಅಕ್ಕೋರು ವಾಲ್ವ್ ಕೆಂಪೇರುವವರೆಗೆ ಕಾದರು.

ಅಕ್ಕೋರ ಪರೀಕ್ಷೆಯ ಕ್ರಮ ವಿಶಿಷ್ಟವಾಗಿತ್ತು. ಅವರ ಕೈ ಕಾಣಿಸದಂತೆ ನಾನು ಓಣಿಯ ಆಚೆ ಬದಿಯಲ್ಲಿ ನಿಲ್ಲಬೇಕು. ಅವರು ಬಲಗೈಯಿಂದ ತಂತಿ ಮೀಟಿ, ಆ ಕೈಯನ್ನೆತ್ತಿ, ಸರಳನ್ನು ಕೆಳಗಿನ ಸ್ವರಗಳಿಗೆ ಜಾರಿಸುವರು. “ಎಲ್ಲೀಮಟ ಬಂತು, ತಮ್ಮಾ?” ಎಂದು ಒಳಗಿನಿಂದ ಕೇಳುವರು. ನಾದ ನನ್ನ ಕಿವಿಗೆ ಯಾವ ಸ್ವರದವರೆಗೆ ತಲುಪಿತೋ ಅದನ್ನು ನಾನು ಗುನುಗಿ ತೋರಿಸಬೇಕು. ನನಗೆ ಸಂಗೀತ ಬಾರದೆಂಬುದೇ ಅವರ ದೃಷ್ಟಿಯಲ್ಲಿ ನನ್ನ ಅರ್ಹತೆ; ಬಲ್ಲವನ ಕಿವಿ ಇಲ್ಲದ ಸ್ವರವನ್ನೂ ತುಂಬಿಕೊಳ್ಳುತ್ತದೆಯಂತೆ.

ಓಣಿಯ ತುಂಬ ಮಗ್ಗಗಳು. ಹಗಲೆಲ್ಲ ಅವುಗಳ ಸದ್ದು. ಹೀಗಾಗಿ ಸೂಕ್ಷ್ಮವಾಗಿ ಕೇಳಲು ಅಮಾವಾಸ್ಯೆಯೇ ಸರಿ ಎಂದುಕೊಂಡೆವು. ನೇಕಾರರು ಅಂದು ಮಗ್ಗ ಮುಟ್ಟುವುದಿಲ್ಲ. ಕೈಮಗ್ಗವೂ ನಿಂತಿರುತ್ತದೆ, ವಿದ್ಯುತ್ ಮಗ್ಗವೂ ನಿಂತಿರುತ್ತದೆ. ಒಂದು ಅಮಾವಾಸ್ಯೆಗೆ ಕೇಳಿದೆವು. ಸಂದೇಹ ಪರಿಹಾರಕ್ಕೆಂದು ಮುಂದಿನ ಅಮಾವಾಸ್ಯೆಗೂ ಕೇಳಿದೆವು. ಎರಡು ಸಲವೂ ಮೀಂಡ ಕೊನೆಯ ಸ್ವರವನ್ನು ಮುಟ್ಟಿ, ಅಲ್ಲಿ ಕ್ಷಣಕಾಲ ನಿಂತು ಕರಗಿತು. ಚಾಚಾ ಅಂಗಡಿಯೆದುರಿನವರಿಗೆಲ್ಲ ಚಹಾ ಕುಡಿಸಿದರು.

ಬೈಠಕ್ಕಿಗೆ ಮುನ್ನ ಕೈ ಪಳಗಲೆಂದು ಅಕ್ಕೋರು ಮುಂಡರಗಿಯ ಒಂದು ಮದುವೆಯಲ್ಲಿ ನುಡಿಸಲು ಒಪ್ಪಿಕೊಂಡರು. ಅಲ್ಲಿ ಪೆಟ್ಟಿಗೆ ಕೈಕೊಟ್ಟಿತು. ನಾದ ಮಂಕಾಗಿ, ಹೊದಿಕೆಯೊಳಗಿಂದ ಬಂದಂತೆ ಕೇಳಿಸಿತು. ಧ್ವನಿವರ್ಧಕ ರೂಢಿಯಂತೆ ಬ್ಯಾಟರಿಯ ಮೇಲೆಯೇ ನಡೆಯುತ್ತಿದ್ದುದರಿಂದ ದೋಷ ಮದುವೆಮನೆಯ ಕರೆಂಟಿಗೆ ಸೇರಿದ್ದ ನಮ್ಮ ಪೆಟ್ಟಿಗೆಯದೇ ಎಂಬುದು ಸ್ಪಷ್ಟವಿತ್ತು. ಮರಳುವ ಬಸ್ಸಿನಲ್ಲಿ ಚಾಚಾ ಮುಂಡರಗಿಯ ವೈರುಗಳನ್ನು ಶಪಿಸಿದರು. ಅಕ್ಕೋರು ಇಡೀ ದಾರಿ ಕಿಟಕಿಯಾಚೆ ಎರೆಹೊಲಗಳನ್ನೇ ನೋಡುತ್ತ ಕುಳಿತಿದ್ದರು...

ಮರುದಿನ ಸಂಜೆ ಅವರು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಕಟ್ಟೆಯ ಮೇಲಿದ್ದೆ. ಮಗ್ಗಗಳು ಭರದಿಂದ ನಡೆದಿದ್ದವು; ಅವರ ಕೋಣೆಯ ದೀಪ ಎಂದಿನಂತೆ ಹಳದಿಯಾಗಿ ಕುಗ್ಗಿತ್ತು. ದೀಪವನ್ನು ಬಹಳ ಹೊತ್ತು ನೋಡಿ ಎದ್ದವರು ಕೈಯಲ್ಲಿ ಕೆಂಪು ಪೆನ್ನು ಹಿಡಿದುಕೊಂಡೇ ಅಂಗಡಿಗೆ ನಡೆದರು.

“ಚಾಚಾ, ನಾವು ಇದನ್ನ ಹಬ್ಬದ ದಿನ ಅಷ್ಟ ಪರೀಕ್ಷಾ ಮಾಡೀವಿ. ಅಮಾಸಿಗೆ ಮಗ್ಗ ಮಲಗಿರ್ತಾವ, ಕರೆಂಟ್ ತುಂಬಿ ಬರ್ತೈತಿ. ಉಳಿದ ದಿನ ಈ ದೀಪದಂಗ ವಾಲ್ವೂ ಕುಗ್ಗತೈತಿ, ಮುಂಡರಗ್ಯಾಗೂ ಅದ ಆತು. ದುಡಿಯೂ ದಿನ ಕೇಳಬೇಕಿತ್ತು.”

ಚಾಚಾ, ಅತ್ತೆಗೆ ಹಬ್ಬದೂಟದ ರೂಢಿಯಾಗಿದೆ, ಇನ್ನು ಬುತ್ತಿ ಕಟ್ಟಿಕೊಡಬೇಕು ಎಂದು ನಕ್ಕು, ವಾಲ್ವಿನ ತಂತಿ ಕಾಯಿಸಲು ಜೀಪಿನ ಬ್ಯಾಟರಿಯೊಂದನ್ನು ಹೊಂದಿಸಿದರು. ಉಳಿದ ದಿನಗಳಲ್ಲಿ ನಮ್ಮ ಪರೀಕ್ಷೆ ನಡೆದದ್ದು ಮಗ್ಗಗಳ ಸದ್ದಿನ ನಡುವೆಯೇ. ಓಣಿಯ ಆಚೆ ನಿಂತು, ಕಿವಿಗೆ ಅಂಗೈ ಒಡ್ಡಿ, ನಾನು ಕೊನೆಯ ಸ್ವರವನ್ನು ಹುಡುಕುತ್ತಿದ್ದೆ. ಸಿಕ್ಕುತ್ತಿತ್ತು.

ಲಕ್ಷ್ಮೇಶ್ವರದಲ್ಲಿ ಆಲಾಪದ ನಡುವೆ ದೀಪಗಳು ಕುಗ್ಗಿದವು. ನಾದ ಕುಗ್ಗಲಿಲ್ಲ. ಮೀಂಡ ಮಂದ್ರಕ್ಕಿಳಿದು ಹಿಂದಿನ ಸಾಲಿನವರೆಗೂ ಬಂತು. ಆ ಹಿರಿಯರು ಹೊಗಳಲಿಲ್ಲ. ಮುಂದೆ ಬಾಗಿ ಇಷ್ಟೇ ಹೇಳಿದರು: “ಆ ಮೀಂಡ ಇನ್ನೊಮ್ಮೆ ತಗೋ, ತಂಗಿ.”

ಮುಂದಿನ ವಾರದಿಂದ ಅಕ್ಕೋರ ಮನೆಗೆ ಹೆಣ್ಣುಮಕ್ಕಳು ಕಲಿಯಲು ಬರತೊಡಗಿದರು. ಅವರಲ್ಲೊಬ್ಬರೇ, ಕಳೆದ ತಿಂಗಳು ನನ್ನನ್ನು ಅದೇ ಓಣಿಗೆ ಕರೆಸಿದ್ದವರು, ಇಂದು ಈ ಪೆಟ್ಟಿಗೆಯ ಒಡತಿ. ಅದು ೧೯೮೦ರದೆಂದು ಅವರ ನಂಬಿಕೆ. ನಾನು ಒಪ್ಪಲಿಲ್ಲ, ಆ ವರ್ಷ ಹುಟ್ಟುವಷ್ಟರಲ್ಲಿ ನಾನು ಬೆಟಗೇರಿಯ ಮನೆ ಬಿಟ್ಟಾಗಿತ್ತು. ನಾನು ಅಲ್ಲಿಗೆ ಬಂದದ್ದು ತುರ್ತುಪರಿಸ್ಥಿತಿ ತೆರವಾದ ಮೇಲೆ; ಅದರ ಅನಂತರದ ಎರಡು ವರ್ಷಗಳೊಳಗೆ ಎಂದಷ್ಟೇ ಹೇಳಬಲ್ಲೆ. ಅದಕ್ಕಿಂತ ಹತ್ತಿರಕ್ಕೆ ನನ್ನ ಆಧಾರಗಳು ಒಯ್ಯುವುದಿಲ್ಲ. ಚಾಚಾ ಹೋಗಿ ಬಹಳ ಕಾಲವಾಯಿತು. ಅಕ್ಕೋರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತ್ತು...

ಪೆಟ್ಟಿಗೆ ಬಿಸಿಯಾದ ಮೇಲೆ ಶಿಷ್ಯೆ ಗಿಟಾರನ್ನು ಮಡಿಲಿಗೆಳೆದುಕೊಂಡರು. ಯಾರೂ ಹೇಳದೆಯೇ ನಾನು ಓಣಿಯ ಆಚೆ ಹೋಗಿ ನಿಂತೆ. ಅಂದು ಅಮಾವಾಸ್ಯೆಯಲ್ಲ, ಆದರೂ ಓಣಿ ನಿಶ್ಶಬ್ದವಾಗಿತ್ತು; ಮಗ್ಗಗಳು ಬಹುಪಾಲು ಹೋಗಿಬಿಟ್ಟಿವೆ. ನಾದ ಜಾರಿತು, ಇಳಿಯಿತು, ನಿಂತಿತು.

“ಎಲ್ಲೀಮಟ ಬಂತ್ರಿ, ಸರ್?” ಒಳಗಿನಿಂದ ಪ್ರಶ್ನೆ ಬಂತು. ಅದೇ ಪ್ರಶ್ನೆ, ಬೇರೆ ಕಂಠ.

ನಾನು ಗುನುಗಿದೆ, ಕೊನೆಯ ಸ್ವರವನ್ನೇ.