ಬೈಗುಳ ನಿಂತ ದಿನಗಳು

ಜಾವಗಲ್ಲಿನ ನಮ್ಮ ದೊಡ್ಡಪ್ಪ ಪುಟ್ಟೇಗೌಡರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ದಂಡಪಿಂಡ, ಸೊಟ್ಟಮೂತಿ, ಸೋಂಬೇರಿ ಎಂದು ಊರಿನವರಿಗೆಲ್ಲ ಅವರದೇ ನಾಮಕರಣ. ಅವರ ಸ್ಕೂಟರಿನ ಸದ್ದು ಕೇಳಿದರೆ ತೆಂಗಿನ ತೋಟದ ಆಳುಗಳು ಬೀಡಿ ಎಸೆದು ಎದ್ದು ನಿಲ್ಲುತ್ತಿದ್ದರು. ನನಗಂತೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಟೀಚರ್ ಆಗಿದ್ದಾಗ ನನಗೆ ಖಿನ್ನತೆ ಬಂತು. ಹಾಸನದ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೆ. ಹಬ್ಬಕ್ಕೆ ಜಾವಗಲ್ಲಿಗೆ ಹೋದಾಗ ದೊಡ್ಡಪ್ಪ ಅದನ್ನು ಕಿತ್ತುಕೊಂಡು, ನೆಂಟರ ಎದುರಿಗೇ ತಿಪ್ಪೆಗೆ ಎಸೆದರು.

"ಮೈ ಬಗ್ಸಿ ದುಡಿಯೋರ್ಗೆ ಯಾಕ್ ಬರಲ್ಲ ಈ ರೋಗ? ಕೊಬ್ಬು ಕಣೇ ನಿಂಗೆ, ಕೊಬ್ಬು!"

ದೊಡ್ಡಮ್ಮ ಒಬ್ಬರೇ ಹೋಗಿ ಮಾತ್ರೆ ಹುಡುಕಿ ತಂದುಕೊಟ್ಟರು.

ಕೆಲವು ವರ್ಷಗಳ ಮೇಲೆ ಅದೇ ದೊಡ್ಡಮ್ಮ ಫೋನ್ ಮಾಡಿದರು. "ನಿಮ್ ದೊಡ್ಡಪ್ಪ ಯಾರ್ನೂ ಬೈತಾ ಇಲ್ಲ ಕಣವ್ವ. ನಂಗೆ ಭಯ ಆಯ್ತೈತೆ."

ಹೋದೆ, ದೊಡ್ಡಮ್ಮನಿಗಾಗಿ. ಅಂಗಳದಲ್ಲಿ ಒಣಹಾಕಿದ್ದ ರಾಗಿಗೆ ಯಾರದೋ ಹಸು ಬಾಯಿ ಹಾಕಿತ್ತು. ದೊಡ್ಡಪ್ಪ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಹಚಾ ಎನ್ನಲಿಲ್ಲ. ದೊಡ್ಡಮ್ಮ ಬಾಯಿಗೆ ಹಾಕಿದ ಗಂಜಿ ಗಲ್ಲದ ಮೇಲೆ ಇಳಿಯುತ್ತಿತ್ತು.

"ನೀನ್ ನುಂಗ್ತಿದ್ದ ಮಾತ್ರೇನೇ ಕೊಡವ್ವ" ಎಂದು ದೊಡ್ಡಮ್ಮ ಅಂಗಲಾಚಿದರು. ಹಾಸನಕ್ಕೆ ಕರೆದೊಯ್ದಾಗ ಅದೇ ಡಾಕ್ಟರು ಆ ಮಾತ್ರೆ ಬೇಡವೆಂದರು. "ಇಬ್ಬರದೂ ಖಿನ್ನತೆಯೇ ಇರಬಹುದು. ಆದ್ರೆ ಮಿದುಳಿನ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಜೋಡಿಸ್ಕೊಂಡು ಕೆಲಸ ಮಾಡ್ತವೆ. ಕೆಟ್ಟ ಯೋಚನೆ ಸುತ್ತಿ ಸುತ್ತಿ ಬರೋದು ಒಂದು ಜಾಲದಲ್ಲಿ. ಆಸೆ ಹುಟ್ಟಿ ಕೈಕಾಲು ಏಳೋದು ಇನ್ನೊಂದರಲ್ಲಿ. ನಿಮಗೆ ಮೊದಲನೇದು ಬಿಡುವಿಲ್ಲದೆ ಓಡ್ತಿತ್ತು, ಇವರಿಗೆ ಎರಡನೇದು ನಿಂತೇಹೋಗಿದೆ ಅನ್ಸುತ್ತೆ. ಎಲ್ಲಾ ತಿಳಿದಿದೆ ಅಂತ ಹೇಳಲಾರೆ. ಆದ್ರೆ ಅನ್ನ ನೀರು ಬಿಟ್ಟವರಿಗೆ ಮಾತ್ರೆ ಹಿಡಿಯೋವರೆಗೂ ಕಾಯೋಕಾಗಲ್ಲ. ಕರೆಂಟ್ ಚಿಕಿತ್ಸೆ ಕೊಡೋಣ. ಅರಿವಳಿಕೆ ಕೊಟ್ಟೇ ಮಾಡ್ತೀವಿ, ನೋವಾಗಲ್ಲ."

ದೊಡ್ಡಮ್ಮ ನನ್ನ ಮುಖ ನೋಡಿದರು. ಒಪ್ಪಿಕೊಳ್ಳಿ ಎಂದೆ.

ಕೆಲವು ಸಲ ಕೊಟ್ಟ ಮೇಲೆ, ಒಂದು ಬೆಳಿಗ್ಗೆ ವಾರ್ಡಿನಲ್ಲಿ ದೊಡ್ಡಪ್ಪ ಲೋಟ ತಳ್ಳಿ ಗದರಿದರು. "ಕಾಫೀನೇನೇ ಇದು, ಕಲಗಚ್ಚು!" ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಆದರೆ ಆ ವಾರಗಳ ನೆನಪು ದೊಡ್ಡಪ್ಪನಿಗೆ ಉಳಿಯಲಿಲ್ಲ. ಹಾಗೂ ಆಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ತಾವು ಗಟ್ಟಿಮುಟ್ಟಾಗಿದ್ದಾಗಲೇ ತೋಟ ಹೊಡೆದುಕೊಳ್ಳಲು ನಾನು ತಮ್ಮ ತಲೆಗೆ ಕರೆಂಟ್ ಕೊಡಿಸಿದೆನೆಂದು ಊರೆಲ್ಲ ಹೇಳಿಕೊಂಡು ಬಂದರು.

ಹಳೇಬೀಡಿನ ಒಂದು ಮದುವೆಯಲ್ಲಿ ಎದುರಾದರು. "ಏನಾಗಿತ್ತೇ ನಂಗೆ? ಹೇಳೇ!" ಎಂದು ಊಟದ ಸಾಲಿನಲ್ಲೇ ಕಿರುಚಿದರು. ನಾನೂ ಬಿಡಲಿಲ್ಲ. ಹಸು, ರಾಗಿ, ಗಲ್ಲದ ಮೇಲಿನ ಗಂಜಿ, ಎಲ್ಲವನ್ನೂ ಹೇಳಿದೆ. ಅವರು ದೊಡ್ಡಮ್ಮನ ಕಡೆ ತಿರುಗಿದರು. "ದಿಟವೇನೇ?"

"ಹೂಂ" ಎಂದರು ದೊಡ್ಡಮ್ಮ.

ದೊಡ್ಡಪ್ಪ ಎಲೆಯ ಮುಂದಿನಿಂದ ಎದ್ದು ನನ್ನ ಹತ್ತಿರ ಬಂದರು. ದನಿ ತಗ್ಗಿಸಿ, "ನನ್ನ ಹಂಗೆ ನೋಡ್ದೋಳು ನೀನು. ಇನ್ ಮ್ಯಾಕೆ ನನ್ ಮನೆ ಮೆಟ್ಲು ಹತ್ತಬ್ಯಾಡ" ಎಂದರು. ಹತ್ತಲಿಲ್ಲ.

ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡ ಸುದ್ದಿಯನ್ನೂ ದೊಡ್ಡಮ್ಮನೇ ಫೋನಿನಲ್ಲಿ ಹೇಳಿದರು.

"ಕೊನೇಗಂಟ ಆ ಹಾಸನದ ಡಾಕ್ಟರ್ ಕೊಟ್ಟ ಮಾತ್ರೆ ಬಿಡ್ಲಿಲ್ಲ ಕಣವ್ವ. ನಿನ್ನ ಬೈಯೋದೂ ಬಿಡ್ಲಿಲ್ಲ."