ಟ್ಯಾಂಕಿನ ಮುಚ್ಚಳಕ್ಕೆ ಇಟ್ಟ ಗಂಧ

ಲಾರಿ ಅಣ್ಣನ ಹೋಟೆಲಿನದು. ಆದರೆ ಹದಿನೆಂಟು ವರ್ಷ ಅದನ್ನು ಓಡಿಸಿದವನು ನಾನು. ಬೆಳಿಗ್ಗೆ ಮದ್ರಾಸಿನ ಕ್ರೋಂಪೇಟೆಯ ಅಡುಗೆಮನೆಯಲ್ಲಿ ಅನ್ನ, ಸಾಂಬಾರು, ಪಲ್ಯದ ಪಾತ್ರೆಗಳನ್ನು ಹೇರಿಕೊಂಡು, ದಾರಿಯ ನಾಲ್ಕು ಆಫೀಸು ಕ್ಯಾಂಟೀನುಗಳಿಗೆ ಇಳಿಸಿ, ಉಳಿದದ್ದನ್ನು ನುಂಗಂಬಾಕ್ಕಂನ ಹೋಟೆಲಿಗೆ ಮುಟ್ಟಿಸುವುದು ನನ್ನ ಕುಲಧರ್ಮ.

ಆಯುಧಪೂಜೆ ಕಳೆದ ಮೇಲೆ ಲಾರಿಗೆ ಒಂದು ರೋಗ ಹಿಡಿಯಿತು. ಗಿಂಡಿ ಹತ್ತಿರವಾಗುತ್ತಿದ್ದಂತೆ ಎಷ್ಟು ತುಳಿದರೂ ಎಳೆತವಿಲ್ಲ. ಎರಡು ಸಲ ಕೆಮ್ಮಿ ನಿಂತುಬಿಡುವುದು. ಹತ್ತು ನಿಮಿಷ ಬಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಹೊರಡುವುದು. ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪು ಊದಿದ, ಪಂಪು ಬಿಚ್ಚಿದ. ಅವನ ಎದುರು ಮಾತ್ರ ಲಾರಿ ಪರಮ ಸಾಧು.

ಇದನ್ನೆಲ್ಲ ಸಹಿಸುತ್ತಿದ್ದೆ. ಆದರೆ ನನಗೆ ಜ್ವರ ಬಂದ ಮೂರು ದಿನ ಅತ್ತಿಗೆಯ ತಮ್ಮ ಲಾರಿ ಓಡಿಸಿದ. ಒಂದು ಸಲವೂ ನಿಲ್ಲಲಿಲ್ಲ. ಮದ್ರಾಸಿನಲ್ಲೇ ಹುಟ್ಟಿದ ಹುಡುಗಾಟದ ಮನುಷ್ಯ. ನಲವತ್ತಾದರೂ ಗೇರು ಬದಲಿಸುವಾಗ ಸಿಳ್ಳೆ ಹಾಕುತ್ತಾನೆ.

“ಭಾವ, ವಂಡಿ ಸೂಪರಾ ಹೋಗ್ತದೆ. ನೀವು ಸುಮ್ನೆ ಅದ್ರ ಮೇಲೆ ತಪ್ಪು ಹಾಕ್ತೀರಿ.”

ಅಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿದ: “ಹೋಯ್, ಪ್ರಾಯ ಆದ್ದು ಲಾರಿಗಾ, ನಿಂಗಾ?”

ಪಕ್ಕದ ಮನೆಯವನ ಜೋಕಿಗೆ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಾಗಲೂ ನನ್ನ ಹೊಟ್ಟೆ ಇಷ್ಟು ಉರಿದಿರಲಿಲ್ಲ. ಲಾರಿಯನ್ನು ಒಲಿಸಿಕೊಳ್ಳಲು ಪೂಜೆ ಹೆಚ್ಚಿಸಿದೆ. ಈ ಸಲದ ಆಯುಧಪೂಜೆಯಿಂದ ಟ್ಯಾಂಕಿನ ಮುಚ್ಚಳಕ್ಕೂ ಗಂಧ, ಕುಂಕುಮ ಇಡುತ್ತಿದ್ದೆ. ಅದು ಅನ್ನ ಉಣ್ಣುವ ಬಾಯಿ ಎಂಬುದು ನನ್ನ ಸಿದ್ಧಾಂತ. ಶುಕ್ರವಾರದ ಪೂಜೆಯ ಜೊತೆಗೆ ಈಗ ಮಂಗಳವಾರವನ್ನೂ ಸೇರಿಸಿದೆ. ಗಂಧ ದಪ್ಪವಾಯಿತು. ಲಾರಿ ಗಿಂಡಿಯ ಬದಲು ಅದಕ್ಕೂ ಮೊದಲು ಸಿಗುವ ಮೀನಂಬಾಕ್ಕಂನಲ್ಲೇ ನಿಲ್ಲತೊಡಗಿತು. ಒಂದು ಮಧ್ಯಾಹ್ನ ಸಾಂಬಾರು ತಣ್ಣಗೆ ತಲುಪಿತು.

“ಸೋಮವಾರದಿಂದ ಅವನೇ ಓಡಿಸ್ಲಿ,” ಎಂದ ಅಣ್ಣ, ಅತ್ತಿಗೆಯ ತಮ್ಮನನ್ನು ತೋರಿಸಿ. “ನೀನು ಗಲ್ಲಾದಲ್ಲಿ ಕೂತ್ಕೋ. ಫ್ಯಾನ್ ಉಂಟು.”

ಫ್ಯಾನಿನ ಕೆಳಗೆ ನನ್ನ ಬಾಳು ಮುಗಿಯುವುದಿತ್ತು. ಕೊನೆಯ ಅಸ್ತ್ರವಾಗಿ ಶನಿವಾರವೇ ಸ್ಟಿಯರಿಂಗ್ ಅವನಿಗೆ ಕೊಟ್ಟು, ಪಕ್ಕದ ಕ್ಲೀನರ್ ಸೀಟಿನಲ್ಲಿ ಕೂತು ಹೊರಟೆ. ದಾರಿ ತೋರಿಸಲೆಂದು ಹೇಳಿದೆ. ಅವನ ಮಂತ್ರ ಏನೆಂದು ಪತ್ತೆ ಹಚ್ಚುವುದು ನಿಜವಾದ ಉದ್ದೇಶ.

ಮೊದಲ ಕ್ಯಾಂಟೀನಿನಲ್ಲಿ ಪಾತ್ರೆ ಇಳಿಸಿದ ಮೇಲೆ ಅವನು ಸೀಟಿನ ಹಿಂದಿನಿಂದ ಒಂದು ಬಿದಿರಿನ ಕೋಲು ತೆಗೆದು, ಟ್ಯಾಂಕಿನ ಮುಚ್ಚಳ ತಿರುಗಿಸಿ, ಒಳಗೆ ಅದ್ದಿ ನೋಡಿದ.

“ಎಂತ ಮಾರಾಯ ಅದು?”

“ಡೀಸೆಲ್ ಮೀಟರ್ ಸತ್ತೋಗಿದೆ ಅಲ್ವಾ ಭಾವ. ನಂಗೆ ನಂಬ್ಕೆ ಇಲ್ಲ. ಪ್ರತಿ ಸ್ಟಾಪಲ್ಲೂ ನೋಡ್ತೇನೆ.”

ನಾನು ನಕ್ಕೆ. ಟ್ಯಾಂಕಿನಲ್ಲಿ ಎಷ್ಟಿದೆಯೆಂದು ಹದಿನೆಂಟು ವರ್ಷ ಅಂದಾಜಿನಲ್ಲೇ ಹೇಳಿದವನು ನಾನು; ಪೆಟ್ರೋಲ್ ಬಂಕಿನಲ್ಲಿ ಬಿಟ್ಟು ಬೇರೆಲ್ಲೂ ಮುಚ್ಚಳ ತೆರೆದವನಲ್ಲ. ಎರಡನೆಯ ಕ್ಯಾಂಟೀನಿನಲ್ಲಿ ಅವನು ಮುಚ್ಚಳ ತಿರುಗಿಸುವಾಗ ಹತ್ತಿರ ನಿಂತಿದ್ದೆ. ‘ಸ್ಸ್’ ಎಂದು ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು.

“ಅದು ಯಾವಾಗ್ಲೂ ಹಾಗೇ,” ಎಂದು ಅವನು ಪಾತ್ರೆ ಎತ್ತಲು ಹೋದ.

ಮುಚ್ಚಳ ಕೈಗೆತ್ತಿಕೊಂಡೆ. ನಡುವೆ ಗಾಳಿ ಹೋಗಲೆಂದು ಒಂದು ಸಣ್ಣ ತೂತಿರುತ್ತದೆ. ಆ ತೂತಿನ ಮೇಲೆ ನನ್ನ ಗಂಧ ಕಲ್ಲಾಗಿ ಕೂತಿತ್ತು. ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಹೋಗದೆ, ಎಂಜಿನ್ ಎಷ್ಟು ಎಳೆದರೂ ಡೀಸೆಲ್ ಬರುತ್ತಿರಲಿಲ್ಲ. ನಿಂತು ಸುಧಾರಿಸಿಕೊಳ್ಳುವಾಗ ಎಲ್ಲಿಂದಲೋ ಚೂರು ಗಾಳಿ ನುಸುಳಿ ಮತ್ತೆ ಜೀವ ಬರುತ್ತಿತ್ತು. ಅವನು ಅಪನಂಬಿಕೆಯಿಂದ ಪ್ರತಿ ಸ್ಟಾಪಿನಲ್ಲೂ ಅದರ ಬಾಯಿ ಬಿಡಿಸುತ್ತಿದ್ದ. ನಾನು ಭಕ್ತಿಯಿಂದ ಕತ್ತು ಹಿಸುಕುತ್ತಿದ್ದೆ.

ಯಾರಿಗೂ ಹೇಳಲಿಲ್ಲ. ಸಂಜೆ ಹೆಂಡತಿಯ ಸೇಫ್ಟಿಪಿನ್ನಿನಿಂದ ತೂತು ಬಿಡಿಸಿದೆ. ಸೋಮವಾರ ಒಂದೇ ಒಂದು ಸಲ ಎಂದು ಅಣ್ಣನನ್ನು ಬೇಡಿಕೊಂಡು ಹೊರಟೆ; ಲಾರಿ ಗಿಂಡಿಯನ್ನು ದಾಟಿತು. ಸಾಂಬಾರು ಹೊಗೆಯಾಡುತ್ತಲೇ ತಲುಪಿತು.

“ಎಂತ ಮಾಡಿದೆ?” ಅಣ್ಣ ಕೇಳಿದ.

“ಸ್ವಲ್ಪ ಗದರಿಸಿದೆ.”

ಕೀ ನನ್ನ ಬಳಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಕ್ರೋಂಪೇಟೆಯಲ್ಲಿ, ಅಣ್ಣ ಲೋಡು ನೋಡುತ್ತ ನಿಂತಿದ್ದಾಗ, ಅತ್ತಿಗೆಯ ತಮ್ಮ ಅಭ್ಯಾಸಬಲದಿಂದ ಕೋಲು ಹಿಡಿದು ಬಂದ. ಮುಚ್ಚಳದ ಮೇಲೆ ಹೆಬ್ಬೆರಳಾಡಿಸಿದ.

“ಭಾವ, ಮಂಗಳವಾರ ಅಲ್ವಾ? ಗಂಧ ಇಲ್ಲ?”

“ಮುಗಿದಿದೆ.”

ಅವನು ತೂತನ್ನು ನೋಡಿದ, ನನ್ನನ್ನು ನೋಡಿದ. ಕೋಲನ್ನು ನನ್ನ ಕೈಗಿತ್ತು, ಅಣ್ಣನ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ: “ಎಲ್ಲ ಸಣ್ ಭಾವನ ಕೈಗುಣ, ದೊಡ್ ಭಾವ!”

ಎಷ್ಟು ಸಲೀಸಾಗಿ ನನ್ನ ಮಾನ ಉಳಿಸಿಬಿಟ್ಟ. ಅವನ ಜಾಗದಲ್ಲಿ ನಾನಿದ್ದರೆ ಇಡೀ ಕ್ರೋಂಪೇಟೆಗೆ ಸಾರುತ್ತಿದ್ದೆ. ಆ ದೊಡ್ಡತನವೂ ಅವನಿಗೇ ಸಿಗಬೇಕೇ ಎಂದು ಹೊಟ್ಟೆ ಮತ್ತೆ ಹೊತ್ತಿಕೊಂಡಿತು, ನುಂಗಂಬಾಕ್ಕಂವರೆಗೂ ಉರಿಯಿತು. ಲಾರಿ ಮಾತ್ರ ಎಲ್ಲೂ ನಿಲ್ಲಲಿಲ್ಲ.