ಬಿಟ್ಟು ಹೋಗಿ, ನೋಡೋಣ

ಎಂ.ಎ. ಓದುವಾಗ ಶಂಕರಪುರಂನಲ್ಲಿ ನನ್ನ ರೂಮಿನಲ್ಲಿದ್ದ ಗೆಳೆಯನಿಗೆ ಪುಸ್ತಕ ಪ್ರಕಾಶನದಲ್ಲಿ ಸಂಪಾದಕನಾಗುವ ಆಸೆ. ಅದಕ್ಕೆ ಅವನ ತಯಾರಿ ಒಂದೇ: ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, “ಬಿಟ್ಟು ಹೋಗಿ, ನೋಡೋಣ” ಎನ್ನುವುದು. ನಾನು ಕವಿತೆ ತೋರಿಸಿದರೂ ಅದೇ ಮಾತು. ಅದೇ ರೂಮಿನಲ್ಲಿದ್ದ ನಾನು ಎಲ್ಲಿಗೆ ಹೋಗಲಿ? ಮನೆ ಓನರಮ್ಮ ಹುಳಿ ತಂದುಕೊಟ್ಟರೂ ಅದೇ.

ಕೊನೆಗೆ ಚಾಮರಾಜಪೇಟೆಯ ಪ್ರಕಾಶಕರೊಬ್ಬರು ಸಂದರ್ಶನಕ್ಕೆ ಕರೆದರು. ಜೊತೆಗೆ ನಾನೂ ಹೋದೆ. ಅವರು ದಪ್ಪ ಹಸ್ತಪ್ರತಿಯೊಂದನ್ನು ಮುಂದಿಟ್ಟು, “ಹೇಗಿದೆ, ಓದಿ ಹೇಳಿ” ಎಂದರು.

ಇವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. “ಬಿಟ್ಟು ಹೋಗಿ, ನೋಡೋಣ.”

ಕೆಲಸ ಕೈತಪ್ಪಿತೆಂದು ನಾನು ಚಪ್ಪಲಿಯ ಕಡೆ ನೋಡಿದೆ. ಪ್ರಕಾಶಕರು ಇವನ ಕೈ ಹಿಡಿದುಕೊಂಡರು.

“ಇವತ್ತೇ ಸೇರ್ಕೊಳ್ಳಿ. ಇದು ನಮ್ಮ ಭಾವನವರ ಕಾದಂಬರಿ. ಸಂಜೆ ಬರ್ತಾರೆ, ಅವರಿಗೂ ಹೀಗೇ ಹೇಳ್ಬಿಡಿ. ನನ್ನ ಕೈಲಿ ಆಗ್ತಿಲ್ಲ.”